ಹೆಂಗಸರನ್ನು ಬಿಡದ ಕೈಸಾಲೆ

ಇದು ಜಂಗಮಕೋಟೆಯ ಸುಬ್ಬಲಕ್ಷ್ಮಮ್ಮನ ಕಥೆ. ಹಾಗಿದ್ದೂ ಅವಳ ಗಂಡನಿಂದಲೇ ಶುರು ಮಾಡಬೇಕಲ್ಲ ಎಂದು ನನಗೆ ಸಿಟ್ಟು. ಊರಿನಲ್ಲಿ ಯಾರನ್ನು ಕೇಳಿದರೂ ದೇಶ ಸುತ್ತುವ ಆವುಲಪ್ಪನ ಹೆಂಡತಿ ಎಂದೇ ಅವಳ ಗುರುತು ಹೇಳುತ್ತಾರೆ. ಈ ಆವುಲಪ್ಪ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಎದುರಿಗೆ ‘ನೀವು’ ಬಿಟ್ಟು ಮಾತಾಡಿಸಿದವಳಲ್ಲ ನಾನು. ಇಲ್ಲಿ ಮಾತ್ರ ‘ಅವನು’ ಎಂದೇ ಬರೆಯುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ನನ್ನ ಹೆಸರು ಬಾನು, ಊರು ಶಿಡ್ಲಘಟ್ಟ. ಅಪ್ಪನದು ರೇಷ್ಮೆ ನೂಲು ಬಿಚ್ಚುವ ಕಸುಬು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಹೊಟ್ಟೆಪಾಡಿಗೆ ಕನ್ನಡ. ೧೯೮೧ರಲ್ಲಿ ಜಂಗಮಕೋಟೆಯ ಶಾಲೆಗೆ ಕನ್ನಡ ಟೀಚರಾಗಿ ಸೇರಿದೆ. ಬೆಳಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ವಾಪಸಾಗುವುದು. ಆ ಸಂಜೆಯ ಬಸ್ಸು ಯಾವತ್ತೂ ಹೇಳಿದ ಹೊತ್ತಿಗೆ ಬಂದದ್ದಿಲ್ಲ. ಬಸ್ಸು ನಿಲ್ಲುವ ಜಾಗದ ಎದುರಿಗೇ ಆವುಲಪ್ಪನ ಮನೆಯ ಜಗಲಿ. ನಾನು ಸೇರಿದ ಮೊದಲ ವಾರವೇ ಸುಬ್ಬಲಕ್ಷ್ಮಮ್ಮ ಕೈಬೀಸಿ ಕರೆದಳು. “ಬಿಸಿಲಲ್ಲಿ ಯಾಕಮ್ಮ ನಿಂತಿದೀಯ, ಬಸ್ಸು ಬಂದ್ರೆ ಇಲ್ಲಿಂದ್ಲೂ ಕಾಣ್ತದೆ,” ಎಂದು ಕೂರಿಸಿ ಮಜ್ಜಿಗೆ ಕೊಟ್ಟಳು. ಅಂದಿನಿಂದ ಹದಿಮೂರು ವರ್ಷ ನನ್ನ ಸಂಜೆಗಳೆಲ್ಲ ಆ ಜಗಲಿಯ ಮೇಲೇ ಕಳೆದವು.

ಆವುಲಪ್ಪನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿತ್ತು. ಮದುವೆಗೆ ಮುಂಚೆ ಎರಡು ವರ್ಷ ಬೆಂಗಳೂರಿನಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಹಳೆಯ ಚರ್ಚೊಂದರ ಕಲ್ಲುಕೆಲಸಕ್ಕೆ ದುಡಿದಿದ್ದ. ಅಲ್ಲಿ ಹಿಡಿದ ಹುಚ್ಚು ಆಮೇಲೆ ಬಿಡಲಿಲ್ಲ. ಹಳೆಯ ಮಠ, ಹಳೆಯ ಚರ್ಚು, ಸನ್ಯಾಸಿಗಳು ಇದ್ದುಹೋದ ಕಟ್ಟಡ ಎಲ್ಲಿದೆ ಎಂದು ಕಿವಿಗೆ ಬಿದ್ದರೂ ಸಾಕು, ಹೊರಟುಬಿಡುತ್ತಿದ್ದ. ದೇವರು ದಿಂಡರ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಅವನಿಗೆ ಬೇಕಾದದ್ದು ಕಲ್ಲು. ಅದರಲ್ಲೂ ಕೈಸಾಲೆ ಅಂದರೆ ಪ್ರಾಣ. ನಡುವೆ ಬಯಲು ಅಂಗಳ ಬಿಟ್ಟು, ಸುತ್ತಲೂ ಕಂಬ ನಿಲ್ಲಿಸಿ, ಮೇಲೆ ಮಾಡು ಹಾಕಿ, ನೆರಳಲ್ಲಿ ಸುತ್ತು ಬರುವಂತೆ ಮಾಡಿರುತ್ತಾರಲ್ಲ, ಅದು. ಶೃಂಗೇರಿ, ಮೂಡಬಿದಿರೆ, ಮೈಸೂರಿನ ದೊಡ್ಡ ಚರ್ಚು, ತಮಿಳುನಾಡಿನ ಕಡೆಯ ಪಾದ್ರಿಗಳ ಮಠಗಳು, ಹೀಗೆ ವರ್ಷಕ್ಕೆ ನಾಲ್ಕು ಸಲವಾದರೂ ಅವನ ಪ್ರಯಾಣ ಇದ್ದೇ ಇರುತ್ತಿತ್ತು.

ರೇಷ್ಮೆ ಹುಳು ಮೊಟ್ಟೆಯೊಡೆದು ಗೂಡು ಕಟ್ಟುವುದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಗೂಡು ಮಾರಿದ ಮೇಲೆ ಮುಂದಿನ ಮರಿಹುಳು ತರುವವರೆಗೆ ಹತ್ತು ಹದಿನೈದು ದಿನ ಬಿಡುವು. ಬಿಡುವು ಅಂದದ್ದು ಆವುಲಪ್ಪನಿಗೆ. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಗೂಡು ಮಾರಿದ ದಿನ ಅಲ್ಲಿಂದಲೇ ಅವನು ಬಸ್ಸು ಹತ್ತುತ್ತಿದ್ದ. ಹುಳುಮನೆಯ ತಟ್ಟೆ ತೊಳೆಯುವುದು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕುವುದು, ಗೋಡೆಗೆ ಸುಣ್ಣ ಬಳಿಯುವುದು, ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು, ಇವೆಲ್ಲ ಸುಬ್ಬಲಕ್ಷ್ಮಮ್ಮನ ಪಾಲಿಗೆ. ಅವನು ವಾಪಸು ಬರುವ ಹೊತ್ತಿಗೆ ಅವಳ ಬೆರಳುಗಳ ಚರ್ಮ ಸುಲಿದಿರುತ್ತಿತ್ತು.

ಬಂದ ಸಂಜೆ ಜಗಲಿಯ ಮೇಲೆ ಕೂತು ಕಥೆ ಶುರು ಮಾಡುತ್ತಿದ್ದ. ಒಪ್ಪಿಕೊಳ್ಳುತ್ತೇನೆ, ಅವನ ಹಾಗೆ ಹೇಳುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. “ಟೀಚರಮ್ಮ, ಅಲ್ಲಿ ಎಲ್ಲ ಕಂಬಾನೂ ಒಂದೇ ಕಲ್ಲು. ಒಂದು ಮಾತ್ರ ಬೇರೆ. ಹಳೇದು ಒಡೆದೋಗಿ ಯಾವನೋ ಆಮೇಲೆ ತಂದು ನಿಲ್ಲಿಸವನೆ. ಯಾರ ಕಣ್ಣಿಗೂ ಬೀಳಲ್ಲ, ನಂಗೆ ಬಿತ್ತು,” ಅನ್ನುತ್ತಿದ್ದ. ಹೇಳುವಾಗ ಅಂಗೈ ಚಾಚಿ ಗಾಳಿಯಲ್ಲೇ ಆ ಕಂಬ ಸವರುತ್ತಿದ್ದ. ಬಸ್ಸು ಬಂದು ಹಾರನ್ ಹೊಡೆದರೂ ನನಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಸುಬ್ಬಲಕ್ಷ್ಮಮ್ಮ ಹೊಸಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಕಥೆ ಕಂಬದ ಹತ್ತಿರ ಬಂದಾಗ ಅವಳ ಕೈ ನಿಂತುಹೋಗುತ್ತಿತ್ತು.

ಅವಳಿಗೂ ಅದೇ ಹುಚ್ಚಿತ್ತು ಎಂದು ಊರಿನವರಿಗೆ ಗೊತ್ತಿರಲಿಲ್ಲ. ಮದುವೆಯಾದ ವರ್ಷ ಗಂಡ ಹೆಂಡತಿ ಚಿಕ್ಕಬಳ್ಳಾಪುರಕ್ಕೆ ಯಾರದೋ ಮನೆಯ ನಾಮಕರಣಕ್ಕೆ ಹೋದವರು, ಬರುವಾಗ ನಂದಿಯಲ್ಲಿ ಇಳಿದು ಬೆಟ್ಟದ ಕೆಳಗಿನ ದೇವಸ್ಥಾನ ನೋಡಿದ್ದರು. ಅಲ್ಲಿ ಕಲ್ಯಾಣಿಯ ಸುತ್ತ ಕಲ್ಲಿನ ಕೈಸಾಲೆ ಇದೆ. ಇವಳು ಒಂದೊಂದು ಕಂಬವನ್ನೂ ಮುಟ್ಟುತ್ತಾ ಸುತ್ತಿದವಳು ಕೊನೆಯ ಬಸ್ಸು ತಪ್ಪುವವರೆಗೂ ಹೊರಗೆ ಬರಲಿಲ್ಲವಂತೆ. ಆವುಲಪ್ಪನಿಗೆ ಖುಷಿಯೋ ಖುಷಿ. “ಇದೇನು ಮಹಾ, ಇನ್ನೂ ಎಂತೆಂಥವು ಅವೆ. ಒಂದೊಂದಾಗಿ ತೋರಿಸ್ತೀನಿ ನಿಂಗೆ,” ಅಂದನಂತೆ. ಇದನ್ನು ನನಗೆ ಹೇಳುವಾಗ ಅವಳಿಗೆ ನಲವತ್ತು ದಾಟಿತ್ತು. ಆದರೂ ನಾಚಿಕೊಂಡು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಅತ್ತೆಯ ಕಾಯಿಲೆ, ಹುಳುಮನೆ, ಬಾಣಂತನ, ಮಗಳ ಓದು. ಅವನು ಮಾತ್ರ ಹೋಗಿಬರುತ್ತಿದ್ದ. ಅವಳು ತನ್ನ ಸರದಿಗೆ ಕಾದುಕೊಂಡಿದ್ದಳು.

೧೯೮೩ರಲ್ಲಿ, ಇದ್ದೊಬ್ಬ ಮಗಳನ್ನು ತೊಂಡೇಬಾವಿಗೆ ಮದುವೆ ಮಾಡಿಕೊಟ್ಟ ಮೇಲೆ, ಮನೆ ಹಗುರವಾಯಿತು. ಆ ವರ್ಷವೇ ಆವುಲಪ್ಪ ಕೃಷ್ಣಗಿರಿಯ ಆಚೆ ಒಂದು ಹಳೆಯ ಪಾದ್ರಿ ಮಠ ನೋಡಿಕೊಂಡು ಬಂದಿದ್ದ. ಊರಿನ ಹೆಸರು ಬರೆಯುವುದಿಲ್ಲ, ಆ ಊರಿನವರ ತಪ್ಪೇನೂ ಇಲ್ಲ. ಈಗ ಅಲ್ಲಿ ಪಾದ್ರಿಗಳಿಲ್ಲವಂತೆ, ಚರ್ಚು ಮಾತ್ರ ನಡೆಯುತ್ತದಂತೆ, ಹಿಂದೆ ಇರುವ ಕೈಸಾಲೆ ಹಾಗೇ ಉಳಿದಿದೆಯಂತೆ. ನಡುವೆ ಒಂದು ಬಾವಿ. ಬಾವಿಯ ಪಕ್ಕ ನಿಂಬೆ ಗಿಡ. ಮೂರನೇ ಮೂಲೆಯ ಆಚೆ, ಆಗಲೇ ಹೇಳಿದೆನಲ್ಲ, ಆ ಬೇರೆ ಕಲ್ಲಿನ ಕಂಬ. ನಾಲ್ಕನೇ ಮೂಲೆಯ ಕಲ್ಲುಬೆಂಚಿನ ಮೇಲೆ ಯಾವನೋ ಚೌಕಾಬಾರದ ಮನೆ ಕೆತ್ತಿದ್ದಾನೆ. “ಸನ್ಯಾಸಿಗಳಿಗೂ ಹೊತ್ತು ಹೋಗ್ಬೇಕಲ್ಲ ಟೀಚರಮ್ಮ,” ಎಂದು ನಕ್ಕ. ಇದುವರೆಗೆ ನೋಡಿದ್ದರಲ್ಲೆಲ್ಲ ಇದೇ ಮೇಲು ಅಂದ.

“ಈ ಸಲ ಹೋಗುವಾಗ ನಾನೂ ಬರ್ತೀನಿ,” ಅಂದಳು ಸುಬ್ಬಲಕ್ಷ್ಮಮ್ಮ.

ಆವುಲಪ್ಪ ಬೀಡಿ ಆರಿಸಿದ. “ಅಲ್ಲಿ ಹೆಂಗಸರನ್ನ ಬಿಡಲ್ಲ ಕಣೆ. ಮುಂದ್ಗಡೆ ಚರ್ಚಿಗೆ ಬಿಡ್ತಾರೆ. ಒಳಗಡೆ ಕೈಸಾಲೆಗೆ ಬಿಡಲ್ಲ. ಸನ್ಯಾಸಿಗಳ ಜಾಗ.”

“ಎಲ್ಲಾ ಕಡೇನೂ ಹಂಗೇನಾ?”

“ಹಳೇ ಜಾಗ ಎಲ್ಲಾ ಹಂಗೇನೇ. ಕೈಸಾಲೆ ನೋಡಕ್ಕಾಗಲ್ಲ ಅಂದ್ಮೇಲೆ ಅಷ್ಟು ದೂರ ಬಂದು ಏನು ಮಾಡ್ತೀಯ.”

ಹಿಂದೆ ಎಲ್ಲೋ ಯಾವುದೋ ಮಠದಲ್ಲಿ ಅಂಥ ಕಟ್ಟಳೆ ಇದ್ದದ್ದು ನಿಜವೇ ಇರಬಹುದು. ಅದನ್ನು ಅವನು ಹಿಟ್ಟು ಲಟ್ಟಿಸಿದ ಹಾಗೆ ಎಲ್ಲ ಕಡೆಗೂ ಎಳೆದುಬಿಟ್ಟಿದ್ದ. ಸುಬ್ಬಲಕ್ಷ್ಮಮ್ಮ ಹೌದಾ ಎಂದು ಮತ್ತೆ ಸೊಪ್ಪಿಗೆ ಕೈಹಾಕಿದಳು.

ಇಷ್ಟು ಸಲೀಸಾಗಿ ಹೇಗೆ ನಂಬಿದಳು ಎಂದು ಕೇಳುವವರು ಅವಳ ಹುಳುಮನೆಯ ಬಾಗಿಲು ಕಂಡವರಲ್ಲ. ಆ ಬಾಗಿಲಿಗೆ ಅವಳೇ ಕಾನೂನು. ಮುಟ್ಟಾದವರು, ಸಾವಿನ ಮನೆಗೆ ಹೋಗಿಬಂದವರು, ಬೀಡಿ ಸೇದಿದವರು, ಹೂ ಮುಡಿದವರು, ಅತ್ತರು ಹಚ್ಚಿದವರು ಒಳಗೆ ಕಾಲಿಡುವ ಹಾಗಿಲ್ಲ. ಪರ ಊರಿನಿಂದ ಬಂದವರಂತೂ ಇಲ್ಲವೇ ಇಲ್ಲ, ಅವರ ಕಾಲಿನ ಧೂಳಿನಲ್ಲಿ ಬೇರೆ ಊರಿನ ಹುಳುವಿನ ರೋಗ ಬರುತ್ತದೆ. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆಂದು ತಲೆಯೆತ್ತಿ ಅಲ್ಲಾಡದೆ ಕೂತಾಗ ಜ್ವರಕ್ಕೆ ಕೂತಿದೆ ಅನ್ನುತ್ತಾರೆ, ಆಗಂತೂ ಬಾಗಿಲ ಹತ್ತಿರ ಕೆಮ್ಮಿದರೂ ಬೈಗುಳ. ಹುಳು ನೋಡಲು ಬಂದ ರೇಷ್ಮೆ ಇಲಾಖೆಯ ಸಾಹೇಬರೊಬ್ಬರನ್ನು ಅವಳು ಬಿಸಿಲಲ್ಲಿ ನಿಲ್ಲಿಸಿ, ಒಂದು ತಟ್ಟೆಯನ್ನು ಕಿಟಕಿಯಿಂದ ತೋರಿಸಿ ಕಳಿಸಿದ್ದಳು. ನಾನು ರೇಷ್ಮೆಯ ಮನೆಯಲ್ಲೇ ಹುಟ್ಟಿದವಳು, ನನಗೂ ಆ ಹೊಸಿಲು ದಾಟಲು ಬಿಟ್ಟಿರಲಿಲ್ಲ. ಅವಳೇ ತಿಂಗಳಿಗೆ ಮೂರು ದಿನ ಹೊರಗೆ ಕೂತು ಒಳಗಿನ ಕೂಲಿಯವಳಿಗೆ ಕೂಗಿ ಕೂಗಿ ಹೇಳುತ್ತಿದ್ದಳು. ಊರೂರು ಸುತ್ತುವ ಗಂಡನಿಗೂ ಪ್ರವೇಶವಿರಲಿಲ್ಲ. ಅವನಿಗೂ ಬೇಕಾದದ್ದು ಅದೇ.

“ನಮ್ಮ ಹುಳುಮನೆ ಇದ್ದಂಗೆ ಅದು,” ಅಂದಳು ನನಗೆ, ಮಾರನೆಯ ದಿನ. “ಅವರದೂ ಏನೋ ನೇಮ ಇರ್ತದೆ ಬಾನಮ್ಮ. ನಾವು ಹೋಗಿ ಕೆಡಿಸಬಾರದು.” ತನ್ನ ಬಾಗಿಲನ್ನು ಗೌರವಿಸುವವಳು ಇನ್ನೊಬ್ಬರ ಬಾಗಿಲನ್ನೂ ಗೌರವಿಸಿದಳು, ಅಷ್ಟೇ. ಅವಳ ಆ ಒಳ್ಳೆಯತನವನ್ನೇ ಅವನು ಚಿಲಕ ಮಾಡಿಕೊಂಡ ಎಂಬುದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ.

ನಾನೇನು ಕಮ್ಮಿ ಪೆದ್ದಿಯಲ್ಲ. ೧೯೮೮ರಲ್ಲಿ ಶಾಲೆಯಲ್ಲಿ ಪ್ರವಾಸದ ಪಾಠ ಮಾಡುವಾಗ, ಪಾಠದ ಜೊತೆಗೆ ಇರಲಿ ಎಂದು ಆವುಲಪ್ಪನನ್ನೇ ಕರೆಸಿ ಮಾತಾಡಿಸಿದೆ. ಅವನು ಆ ಪಾದ್ರಿ ಮಠದ ಕಥೆ ಹೇಳಿದ, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು, ಶಾಲೆಯಿಂದ ನಮ್ಮನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತೀರಾ ಎಂದು ಕೇಳಿದಳು. ಆವುಲಪ್ಪ ಅದನ್ನೇ ಹೇಳಿದ, ಹೆಣ್ಣುಮಕ್ಕಳನ್ನು ಬಿಡುವುದಿಲ್ಲ ಎಂದು. ಗಂಡುಹುಡುಗರು ಚಪ್ಪಾಳೆ ತಟ್ಟಿದರು. ಹುಡುಗಿಯರು ಬೆಂಚಿನ ಮೇಲೆ ತಲೆ ಬಗ್ಗಿಸಿದರು. ನಾನು, ಅವರ ಟೀಚರು, ಕೆಲವು ಜಾಗಕ್ಕೆ ಕೆಲವು ನಿಯಮ ಇರುತ್ತದೆ ಎಂದು ಸಮಾಧಾನ ಹೇಳಿದೆ. ಮೈಸೂರಿನ ಚರ್ಚನ್ನು ಟ್ರೈನಿಂಗಿನಲ್ಲಿದ್ದಾಗ ನಾನೇ ಒಳಗೆಲ್ಲ ಸುತ್ತಿ ನೋಡಿದವಳು. ಒಂದು ಸಲ ಯೋಚಿಸಿದ್ದರೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಅವನು ಅಷ್ಟು ಚೆನ್ನಾಗಿ ಹೇಳುತ್ತಿದ್ದ.

ಸುಬ್ಬಲಕ್ಷ್ಮಮ್ಮ ಮಾತ್ರ ಆ ಪಾದ್ರಿ ಮಠವನ್ನು ಮನೆಯಲ್ಲಿದ್ದುಕೊಂಡೇ ಬಾಯಿಪಾಠ ಮಾಡಿದ್ದಳು. ಆವುಲಪ್ಪ ಅಲ್ಲಿಗೆ ಎಷ್ಟು ಸಲ ಹೋಗಿಬಂದರೂ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದಳು. ಅವನು ಎಲ್ಲಾದರೂ ತಪ್ಪಿದರೆ, “ಬೇರೆ ಕಲ್ಲಿನ ಕಂಬ ಮೂರನೇ ಮೂಲೆ ತಿರುಗಿದ ಮೇಲಲ್ವಾ,” ಎಂದು ತಿದ್ದುತ್ತಿದ್ದಳು. ಶುಕ್ರವಾರ ಬೆಳಗ್ಗೆ ಬಾಗಿಲಲ್ಲಿ ಅವಳು ಹಾಕುತ್ತಿದ್ದ ರಂಗೋಲಿಯೂ ಅದೇ ಆಯಿತು. ಸುತ್ತಲೂ ಚುಕ್ಕಿ, ಚುಕ್ಕಿಯೆಲ್ಲ ಕಂಬ. ನಡುವೆ ಬಾವಿ, ಬಾವಿಯ ಪಕ್ಕಕ್ಕೆ ಅರಿಸಿನದಲ್ಲಿ ಒಂದು ಸಣ್ಣ ಗಿಡ. ಎದುರು ಮನೆಯವರು ಇದ್ಯಾವ ರಂಗೋಲಿ ಎಂದು ಕೇಳಿದರೆ ನಕ್ಕುಬಿಡುತ್ತಿದ್ದಳು.

೧೯೯೩ರ ಬೇಸಿಗೆಯಲ್ಲಿ ಗೂಡು ಮಾರಿದ ಆವುಲಪ್ಪ ಕೇರಳದ ಚರ್ಚುಗಳನ್ನು ನೋಡಲು ಹೋದ. ಅದೇ ವಾರ ಕೃಷ್ಣಗಿರಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಶಹಜಾದಿಯ ಮದುವೆ. ನಾನು ಬಲವಂತ ಮಾಡಿ ಸುಬ್ಬಲಕ್ಷ್ಮಮ್ಮನನ್ನು ಹೊರಡಿಸಿದೆ. ಮದುವೆ ಮುಗಿದ ಮಾರನೆಯ ಬೆಳಗ್ಗೆ ಅವಳು ನನ್ನನ್ನು ಮೂಲೆಗೆ ಕರೆದು, “ಆ ಊರು ಇಲ್ಲಿಂದ ಎಷ್ಟು ದೂರ?” ಎಂದು ಮೆತ್ತಗೆ ಕೇಳಿದಳು. ಬಸ್ಸಿನಲ್ಲಿ ಒಂದು ಗಂಟೆ ಅಂದೆ.

“ಒಳಗೆ ಬಿಡಲ್ಲ, ಗೊತ್ತು. ಹೊರಗಿಂದ ಗೋಡೆ ನೋಡ್ಕೊಂಡು ಬಂದ್ಬಿಡಣ. ಬಾಗಿಲು ತೆಗೆದಿದ್ರೆ ನಿಂಬೆ ಗಿಡದ ತುದಿನಾದ್ರೂ ಕಾಣ್ತದೇನೋ.”

ಹೋದೆವು. ಊರಿನ ಹೊರಗೆ ಚರ್ಚು, ಅದರ ಪಕ್ಕದಿಂದ ಹಿಂದಕ್ಕೆ ಹೋಗುವ ಉದ್ದದ ಕಲ್ಲುಗೋಡೆ, ಗೋಡೆಯ ನಡುವೆ ಒಂದು ಕಮಾನು ಬಾಗಿಲು. ಎದುರಿಗೆ ಹುಣಸೆಮರ. ಮರದ ಕೆಳಗೆ ಸುಬ್ಬಲಕ್ಷ್ಮಮ್ಮ ಟವಲು ಹಾಸಿ ಕೂತಳು. ನಾನು ಬಾಗಿಲವರೆಗೆ ಹೋಗಿ ಬಗ್ಗಿ ನೋಡೋಣ ಅಂದರೆ ನನ್ನ ಸೆರಗು ಹಿಡಿದು ಎಳೆದಳು, “ಬೇಡ, ಯಾರಾದ್ರೂ ಏನಾದ್ರೂ ಅಂದಾರು.” ಬುತ್ತಿ ಬಿಚ್ಚಿ ಒಂದು ತುತ್ತು ತಿಂದು ಗೋಡೆ ನೋಡುವುದು, ಮತ್ತೊಂದು ತುತ್ತು ತಿಂದು ಗೋಡೆ ನೋಡುವುದು. ಅವಳ ಮುಖದಲ್ಲಿ ಅಂಥ ತೃಪ್ತಿ ನಾನು ಅವಳ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಆಗ ಬಾಗಿಲಿನಿಂದ ಒಬ್ಬ ಹೆಂಗಸು ಹೊರಗೆ ಬಂದಳು, ಸೊಂಟದಲ್ಲಿ ಮಗು. ಅವಳ ಹಿಂದೆ ಇಬ್ಬರು ಹುಡುಗಿಯರು ಕಡಲೆಕಾಯಿ ತಿನ್ನುತ್ತಾ ಬಂದರು. ಅವರ ಹಿಂದೆ ಒಬ್ಬ ಮುದುಕಿ, ಮಂಡಿ ಹಿಡಿದುಕೊಂಡು.

ಸುಬ್ಬಲಕ್ಷ್ಮಮ್ಮನ ತುತ್ತು ಕೈಯಲ್ಲೇ ಉಳಿಯಿತು. “ಇವರು ಅಲ್ಲಿ ಕೆಲಸ ಮಾಡೋರಿರಬೇಕು,” ಅಂದಳು. ಅಷ್ಟರಲ್ಲಿ ಒಳಗಿನಿಂದ ಪೊರಕೆ ಹಿಡಿದ ಒಬ್ಬ ಹೆಂಗಸು ಬಂದು ಬಾಗಿಲ ಮೆಟ್ಟಿಲು ಗುಡಿಸತೊಡಗಿದಳು. ಅರವತ್ತರ ಹತ್ತಿರದವಳು, ಕತ್ತಿನಲ್ಲಿ ಶಿಲುಬೆ. ನಮ್ಮನ್ನು ನೋಡಿ, ಗಡಿಯ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ, “ಎಂದುಕಮ್ಮಾ ಹೊರಗೇ ಕೂತಿದೀರಿ? ಬರ್ರಿ, ಒಳಗೆ ನೆರಳಿದೆ, ನೀರಿದೆ,” ಅಂದಳು.

“ಹೆಂಗಸರನ್ನ ಬಿಡ್ತಾರಾ?” ಎಂದು ಕೇಳಿದವಳು ನಾನು.

ಗುಡಿಸುವವಳಿಗೆ ನಗು ಬಂತು. “ಯಾರು ಬಿಡಲ್ಲ ಅಂದಿದ್ದು? ಮೂವತ್ತು ವರ್ಷದಿಂದ ನಾನೇ ಗುಡಿಸ್ತಿರೋದು ಈ ಜಾಗ. ನಾನೇನು ಗಂಡಸಾ?” ಅವಳ ಹೆಸರು ಅಮ್ಮಾಜಮ್ಮ.

ಸುಬ್ಬಲಕ್ಷ್ಮಮ್ಮ ಎದ್ದಳು. ಬಾಗಿಲ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದಳು, ಹುಳುಮನೆಗೆ ಹೋಗುವಾಗ ತೊಳೆಯುವ ಹಾಗೆ ಬೆರಳ ಸಂದಿಯನ್ನೂ ಬಿಡದೆ. ತಲೆಯ ಹೂ ತೆಗೆದು ಮರದ ಕೆಳಗಿಟ್ಟಳು. ಆಮೇಲೆ ಒಳಗೆ ಕಾಲಿಟ್ಟಳು.

ಎಲ್ಲವೂ ಇತ್ತು. ನಡುವೆ ಬಾವಿ ಇತ್ತು. ಬಾವಿಯ ಪಕ್ಕ ನಿಂಬೆ ಗಿಡ ಇತ್ತು, ಕಾಯಿ ಬಿಟ್ಟಿತ್ತು. ಅವಳು ಒಂದೊಂದು ಕಂಬಕ್ಕೂ ಕೈಯಿಟ್ಟು ನಡೆದಳು. ನಾನು ಹಿಂದೆ ಹಿಂದೆ. ಮೂಲೆ ತಿರುಗುವ ಮುಂಚೆಯೇ, “ಈಗ ಒಂದು ಸವೆದ ಮೆಟ್ಟಿಲು ಬರ್ತದೆ, ಎಡವಬೇಡ,” ಅನ್ನುತ್ತಿದ್ದಳು. ಬರುತ್ತಿತ್ತು. ಮೂರನೇ ಮೂಲೆ ದಾಟಿ ಒಂದು ಕಂಬದ ಮುಂದೆ ನಿಂತು, “ಇದು,” ಅಂದಳು. ನನ್ನ ಕಣ್ಣಿಗೆ ಅದು ಬೇರೆ ಕಂಬದ ಹಾಗೇ ಕಂಡಿತು. ಕೈಯಿಟ್ಟು ನೋಡಿದೆ, ಒರಟಾಗಿತ್ತು, ಬೇರೆ ಕಲ್ಲೇ. ನಾಲ್ಕನೇ ಮೂಲೆಯ ಬೆಂಚಿನ ಮೇಲೆ ಚೌಕಾಬಾರದ ಮನೆ. ಅದರ ಮೇಲೆ ಇಬ್ಬರು ಹೆಣ್ಣುಮಕ್ಕಳು ಹುಣಸೆಬೀಜ ಇಟ್ಟುಕೊಂಡು ಆಡುತ್ತಾ ಕೂತಿದ್ದರು.

ಆವುಲಪ್ಪ ಹತ್ತು ವರ್ಷ ಅವಳಿಗೆ ಹೇಳಿದ್ದೆಲ್ಲ ನಿಜ, ಒಂದನ್ನು ಬಿಟ್ಟು.

ಅಮ್ಮಾಜಮ್ಮ ಬಾವಿಯಿಂದ ಸೇದಿದ ನೀರು ತಂದುಕೊಟ್ಟು, ಯಾವ ಊರು ಎಂದು ಕೇಳಿದಳು. ಯೋಚಿಸದೆ ಜಂಗಮಕೋಟೆ ಅಂದುಬಿಟ್ಟೆ.

“ಆವುಲಪ್ಪನವರ ಊರಾ?” ಅವಳ ಮುಖ ಅರಳಿತು. “ವರ್ಷಕ್ಕೊಂದ್ಸಲ ಬರ್ತಾರೆ. ಒಳ್ಳೇ ಮನುಷ್ಯ. ಪಾಪ, ಒಬ್ರೇ ಬರ್ತಾರೆ. ನಾನು ಪ್ರತಿ ಸಲಾನೂ ಕೇಳ್ತೀನಿ, ಮನೆಯವರನ್ನ ಕರ್ಕೊಂಡು ಬರ್ರಿ ಅಂತ. ಕರೆದ್ರೂ ಬರಲ್ಲವಂತೆ. ಆಯಮ್ಮಂಗೆ ಇಂಥದ್ದೆಲ್ಲ ಹಿಡಿಸಲ್ಲವಂತೆ. ಮನೆ ಬಿಟ್ಟು ಅಲ್ಲಾಡಲ್ಲ, ಕಲ್ಲು ನೋಡಿ ಏನು ಸಿಗ್ತದೆ ಅಂತಾಳೆ ಅಂದ್ರು.” ಆಮೇಲೆ ಸುಬ್ಬಲಕ್ಷ್ಮಮ್ಮನ ಕಡೆ ತಿರುಗಿ, “ನಿಮಗೆ ಗೊತ್ತಾ ಅವರ ಮನೆಯವರು?” ಎಂದು ಕೇಳಿದಳು.

ನನ್ನ ಮೈ ಉರಿಯುತ್ತಿತ್ತು. ಇವಳೇ ಅವಳು ಎಂದು ಹೇಳಲು ಬಾಯಿ ತೆಗೆದೆ. ಸುಬ್ಬಲಕ್ಷ್ಮಮ್ಮ ಲೋಟ ಕೆಳಗಿಟ್ಟು, “ಊರಿನವರು, ನೋಡಿದೀನಿ,” ಅಂದಳು.

ವಾಪಸು ಬರುವಾಗ ಹೊಸೂರಿನಲ್ಲಿ ಬಸ್ಸು ಬದಲಿಸಿದೆವು. ಆಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಬಿಡಲ್ಲ ಅಂದದ್ದು ಹೋಗಲಿ, ನಂಗೆ ಇಷ್ಟ ಇಲ್ಲ ಅಂತ ಯಾಕೆ ಹೇಳಬೇಕಿತ್ತು ಎಂದು ಕೇಳಿದಳು. ನನಗೆ ಕೇಳಿದಳೋ ಕಿಟಕಿಗೆ ಕೇಳಿದಳೋ ತಿಳಿಯಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು, ಅವಳು ಅಳಲಿಲ್ಲ.

ಮೂರು ದಿನದ ಮೇಲೆ ಆವುಲಪ್ಪ ಕೇರಳದಿಂದ ಬಂದ. ಸಂಜೆ ಎಂದಿನಂತೆ ಜಗಲಿ, ಎಂದಿನಂತೆ ಕಥೆ. ಮರದ ಮಾಡು, ಕಮಾನು, ಸಮುದ್ರದ ಗಾಳಿಗೆ ಸವೆದ ಕಲ್ಲು. ನಾನು ಪುಸ್ತಕ ತೆರೆದುಕೊಂಡು ಕೂತಿದ್ದೆ, ಒಂದಕ್ಷರ ಓದಲಿಲ್ಲ. ಸುಬ್ಬಲಕ್ಷ್ಮಮ್ಮ ಪೂರ್ತಿ ಕೇಳಿದಳು. ಆಮೇಲೆ, “ಅಲ್ಲೂ ಹೆಂಗಸರನ್ನ ಬಿಡಲ್ವಾ?” ಎಂದು ಕೇಳಿದಳು.

ಅದು ಅವನಿಗೆ ಅವಳು ಕೊಟ್ಟ ಕೊನೆಯ ಅವಕಾಶ. ನನಗೆ ಅದು ಗೊತ್ತಾಯಿತು, ಅವನಿಗೆ ಆಗಲಿಲ್ಲ. “ಇಲ್ಲ ಕಣೆ, ಅಲ್ಲಂತೂ ಇನ್ನೂ ಸ್ಟ್ರಿಕ್ಟು,” ಅಂದ.

“ಅಮ್ಮಾಜಮ್ಮ ನಿನ್ನ ಕೇಳಿದ್ರು.”

“ಯಾವ ಅಮ್ಮಾಜಮ್ಮ?”

“ಕೈಸಾಲೆ ಗುಡಿಸೋರು. ಆವುಲಪ್ಪನವರ ಹೆಂಡ್ತಿಗೆ ಕಲ್ಲು ನೋಡೋದು ಇಷ್ಟ ಇಲ್ಲವಂತೆ, ಅವರು ಗೊತ್ತಾ ಅಂತ ಕೇಳಿದ್ರು. ನೋಡಿದೀನಿ ಅಂದೆ.”

ಆವುಲಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖವನ್ನೇ ನೋಡಿದೆ. ತಪ್ಪಾಯಿತು ಅನ್ನುತ್ತಾನೇನೋ ಎಂದು ಕಾದೆ. ಅವನು, “ನೀನು ಬಂದ್ರೆ ಹುಳು ನೋಡೋರು ಯಾರು?” ಅಂದ, ಉಪ್ಪು ಎಲ್ಲಿದೆ ಎಂದು ಕೇಳುವವನ ಹಾಗೆ.

“ಗೂಡು ಮಾರಿದ ಮೇಲೆ ತಾನೇ ನೀನು ಹೋಗ್ತಿದ್ದಿದ್ದು. ಆವಾಗ ಹುಳು ಎಲ್ಲಿರ್ತಿತ್ತು?”

ಆವುಲಪ್ಪ ಬೀಡಿ ಹಚ್ಚಿದ, ಆರಿತು, ಮತ್ತೆ ಹಚ್ಚಿದ. ಕೊನೆಗೆ, ಬಹುಶಃ ಜೀವಮಾನದಲ್ಲಿ ಮೊದಲ ಸಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ನೀನೂ ನೋಡ್ಬಿಟ್ರೆ ನಾನು ಬಂದು ಯಾರಿಗೆ ಹೇಳ್ಲಿ? ಮನೇಲಿ ಒಬ್ರು ಕಾಯ್ತಾ ಇದ್ರೆ ತಾನೇ ಹೋಗಿ ನೋಡಿದ್ದು ನೋಡಿದಂಗೆ.”

ಸುಬ್ಬಲಕ್ಷ್ಮಮ್ಮ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು. ನನ್ನ ಬಸ್ಸು ಬಂತು.

ಆಮೇಲೆ ಅವಳು ಗಂಡನನ್ನು ಬಿಟ್ಟು ಹೋಗಲಿಲ್ಲ, ಜಗಳವಾಡಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಕಥೆ ಕೇಳುವುದನ್ನು ನಿಲ್ಲಿಸಿದಳು, ಅಷ್ಟೇ. ಅವನು ಜಗಲಿಯ ಮೇಲೆ ಕೂತು ಬಾಯಿ ತೆಗೆದರೆ ಎದ್ದು ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗೂಡನ್ನು ಮಾರ್ಕೆಟ್ಟಿಗೆ ತಾನೇ ಒಯ್ಯತೊಡಗಿದಳು. ಶುಕ್ರವಾರದ ರಂಗೋಲಿ ಎಲ್ಲರ ಮನೆಯ ರಂಗೋಲಿಯಂತಾಯಿತು. ಆವುಲಪ್ಪ ನನಗಾದರೂ ಹೇಳೋಣವೆಂದು ಶುರು ಮಾಡುತ್ತಿದ್ದ, ನಾನು ಮಕ್ಕಳ ಪರೀಕ್ಷೆ ಪೇಪರು ತೆಗೆದುಕೊಳ್ಳುತ್ತಿದ್ದೆ. ಎದುರಿನ ಅಂಗಡಿಯವನಿಗೆ ಒಂದು ಸಲ ಹೇಳಿದ. ಅವನು ನಡುವೆ ಎದ್ದು ಯಾರಿಗೋ ಸಕ್ಕರೆ ಕಟ್ಟಿಕೊಡಲು ಹೋದ.

೧೯೯೪ರ ಅಕ್ಟೋಬರಿನಲ್ಲಿ ಆವುಲಪ್ಪ ಯಾವುದೋ ಯಾತ್ರೆಯ ಬಸ್ಸಿನಲ್ಲಿ ಉತ್ತರದ ಕಡೆ ಹೋದ. ಹೊರಡುವ ದಿನ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಇಪ್ಪತ್ತನಾಲ್ಕು ದಿನ ಬಿಟ್ಟು, ಒಂದು ಶನಿವಾರ ಸಂಜೆ, ನಾನು ಜಗಲಿಯ ಮೇಲಿದ್ದಾಗ ವಾಪಸು ಬಂದ. ಮೈ ಇಳಿದಿತ್ತು. ಚೀಲ ಕೆಳಗಿಡುವ ಮುಂಚೆಯೇ ಜೇಬಿನಿಂದ ಎರಡು ಬಸ್ ಟಿಕೆಟ್ ತೆಗೆದ. ಹುಳುಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ದೂರದಿಂದಲೇ ತೋರಿಸಿದ.

“ಗೋವಾಕ್ಕೆ. ಇಬ್ರಿಗೂ. ಹತ್ತು ವರ್ಷಕ್ಕೊಂದ್ಸಲ ಅಲ್ಲಿ ಸಂತರ ದೇಹ ದರ್ಶನಕ್ಕೆ ಇಡ್ತಾರಂತೆ. ಚರ್ಚು ಬೆಟ್ಟದಂಗೆ ಇದೆಯಂತೆ, ಕೈಸಾಲೆ ಎರಡಂತಸ್ತು.” ಒಂದು ಸಲ ನನ್ನ ಕಡೆ ನೋಡಿ ದನಿ ತಗ್ಗಿಸಿದ. “ಹೆಂಗಸರನ್ನೂ ಬಿಡ್ತಾರೆ. ವಿಚಾರಿಸಿದೀನಿ.”

ಇಷ್ಟು ಸಿಟ್ಟಿಟ್ಟುಕೊಂಡ ನನಗೂ ಆ ಗಳಿಗೆ ಅಯ್ಯೋ ಅನ್ನಿಸಿತು. ಹೋಗಲಿ ಸುಬ್ಬಲಕ್ಷ್ಮಮ್ಮ, ಹೋಗಿಬಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವಳು ಟಿಕೆಟ್ಟುಗಳನ್ನು ನೋಡಿದಳು. “ಹುಳು ಜ್ವರಕ್ಕೆ ಕೂತವೆ,” ಅಂದಳು. “ನಾನು ಬಂದ್ರೆ ಹುಳು ನೋಡೋರು ಯಾರು?”

ಆವುಲಪ್ಪ ಟಿಕೆಟ್ ಹಿಡಿದ ಕೈಯನ್ನು ಮೆಲ್ಲಗೆ ಇಳಿಸಿದ. “ಹೌದಲ್ಲ,” ಅಂದ. ಒಂದು ಹೆಜ್ಜೆ ಮುಂದಿಟ್ಟ.

“ಊರೂರು ಸುತ್ತಿ ಬಂದಿದೀಯ. ಅಲ್ಲೇ ನಿಂತ್ಕೋ,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಬಾನಮ್ಮ, ನೀನು ಬಾ,” ಅಂದಳು.

ನಾನು ಕಾಲು ತೊಳೆದು, ಹದಿಮೂರು ವರ್ಷದಲ್ಲಿ ಮೊದಲ ಸಲ ಆ ಹೊಸಿಲು ದಾಟಿದೆ. ಅವಳು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ತಟ್ಟೆಗಳೆಲ್ಲ ತೊಳೆದು ಗೋಡೆಗೆ ಒರಗಿಸಿದ್ದವು. ಚಂದ್ರಿಕೆಗಳು ಮೂಲೆಯಲ್ಲಿದ್ದವು. ಹೊಸ ಸುಣ್ಣದ ವಾಸನೆ. ಒಂದು ಹುಳುವೂ ಇರಲಿಲ್ಲ. ಗೂಡು ಮಾರಿ ವಾರವಾಗಿತ್ತು. ಮೂರನೇ ಜ್ವರಕ್ಕೆ ಕೂತ ಹುಳು ಇಪ್ಪತ್ತನಾಲ್ಕು ದಿನದ ಮೇಲೂ ಮನೆಯಲ್ಲಿರುವುದಿಲ್ಲ ಎಂದು ಜಂಗಮಕೋಟೆಯಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು.

ಹೊರಗೆ ಜಗಲಿಯ ಮೇಲೆ ಆವುಲಪ್ಪ ಕೂತ ಸದ್ದಾಯಿತು. ನಾವಿಬ್ಬರೂ ಖಾಲಿ ತಟ್ಟೆಗಳ ನಡುವೆ ನಿಂತಿದ್ದೆವು. ಒಂದೂವರೆ ವರ್ಷ ಅಳದವಳು ಆಗ ಅತ್ತಳು, ಸದ್ದಿಲ್ಲದೆ, ಹುಳು ಜ್ವರಕ್ಕೆ ಕೂತಾಗ ಹೇಗಿರಬೇಕೋ ಹಾಗೆ.

“ಎಲ್ಲಾನೂ ಸುಳ್ಳು ಹೇಳಿದ್ದಿದ್ರೆ ಹೋಗ್ಲಿ ಅಂತ ಬಿಡಬೌದಿತ್ತು ಬಾನಮ್ಮ,” ಅಂದಳು. “ನಿಂಬೆ ಗಿಡಾನೂ ಇತ್ತಲ್ಲ ಅಲ್ಲಿ.”